ಸರೋವರದ ದಂಡೆಯ ಬಂಗಾರದ ಪಂಜರ

ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯು ಇಳಿದಿಳಿದು ಬಂದು ಲೊಂಬಾರ್ಡಿಯ ಬಯಲನ್ನು ಮುಟ್ಟುವೆಡೆಯಲ್ಲಿ ಗಾರ್ಡಾ ಎಂಬ ಸರೋವರವಿದೆ. ಸುಮಾರು 370 ಚದರ ಕಿಲೋಮೀಟರುಗಳಷ್ಟು ಹರಡಿಕೊಂಡಿರುವ ಈ ಜಲರಾಶಿಯೇ ಆ ದೇಶದ ಅತಿ ದೊಡ್ಡ ಸರೋವರ. ಮಿಲಾನಿನಿಂದ ವೆನಿಸ್ಸಿಗೆ ಸಾಗುವ ರೈಲುಹಾದಿಯಲ್ಲಿ, ಸರೋವರದ ತೆಂಕಣ ತುದಿಗೆ, ದೆಸೆಂಜಾನೋ ಎಂಬ ನಿಲ್ದಾಣವಿದೆ. ಅಲ್ಲಿ ಇಳಿದು, ಬಸ್ಸಿನಲ್ಲಾಗಲಿ ದೋಣಿಯಲ್ಲಾಗಲಿ ಪಶ್ಚಿಮದ ದಂಡೆಯನ್ನು ಹಿಡಿದು ಹೊರಟರೆ ಮೊದಲು ಸಾಲೋ ಎಂಬ ಊರು, ಅದನ್ನು ದಾಟಿದೊಡನೆಯೇ ಗಾರ್ದೋನೆ. ಬೆಟ್ಟದ ಇಳಿಜಾರಿನಲ್ಲಿ ಬೂದುಬಣ್ಣದ ಆಲಿವ್ ತೋಪುಗಳು. ಅವುಗಳ ನಡುನಡುವೆ ನೆಟ್ಟನೆ ನಿಂತ ಸೈಪ್ರಸ್ ಮರಗಳು. ಕೆಳಗೆ ಗಾಳಿಗೊಮ್ಮೆ ಬಣ್ಣ ಬದಲಿಸುವ ನೀರು. ಚಳಿಗಾಲದಲ್ಲೂ ಹಿತವಾಗಿರುವ ಈ ಹವೆಯನ್ನು ಅರಸಿಕೊಂಡು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದಲೇ ಜರ್ಮನಿಯ ಸಿರಿವಂತರು ಇಲ್ಲಿಗೆ ಬರತೊಡಗಿದರು.

ಇಷ್ಟು ಸೌಮ್ಯವಾದ ಊರಿನಲ್ಲಿ ಭಯಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಆದರೆ ಪತ್ತೇದಾರಿ ಕಾದಂಬರಿಗಳಲ್ಲಿಯೂ ರೋಮಾಂಚಕ ಚಲಚ್ಚಿತ್ರಗಳಲ್ಲಿಯೂ ಮತ್ತೆಮತ್ತೆ ಬರುವ ಒಂದು ಕಥೆ ಎಲ್ಲರಿಗೂ ಪರಿಚಿತವಾದದ್ದೇ. ಜಗತ್ಪ್ರಸಿದ್ಧನಾದ ಕಲಾವಿದನೊಬ್ಬ ಇದ್ದಕ್ಕಿದ್ದಂತೆ ಜನರ ಕಣ್ಣಿನಿಂದ ಮರೆಯಾಗುತ್ತಾನೆ. ದೂರದ ಬೆಟ್ಟದ ಮೇಲೆ ಕೋಟೆಯಂಥ ಮನೆಯೊಂದನ್ನು ಕಟ್ಟಿಕೊಳ್ಳುತ್ತಾನೆ. ಆಯ್ದ ಕೆಲವರಿಗೆ ಮಾತ್ರ ಆಹ್ವಾನ ಹೋಗುತ್ತದೆ. ಅತಿಥಿಗಳು ಬಾಗಿಲನ್ನು ದಾಟಿದ ಮೇಲೆ ತಿಳಿಯುತ್ತದೆ, ಆ ಮನೆಯಲ್ಲಿ ಏನೋ ಸರಿಯಿಲ್ಲವೆಂದು. ಈ ಕಥೆಗೆ ಬೇಕಾದ ಸಾಮಗ್ರಿಯೆಲ್ಲವೂ ಗಾರ್ದೋನೆಯ ಬೆಟ್ಟದ ಮೇಲೆ ಕಲ್ಲು, ಗಾಜು, ರೇಷ್ಮೆಗಳ ರೂಪದಲ್ಲಿ ಇಂದಿಗೂ ನಿಂತಿದೆ. ಅದರ ಹೆಸರು ವಿತ್ತೋರಿಯಾಲೆ. ಅದನ್ನು ಕಟ್ಟಿಸಿದವನು ಗಾಬ್ರಿಯೇಲೆ ದನುಂಜಿಯೋ.

ಕವಿಯೂ ಕಲಿಯೂ

ದನುಂಜಿಯೋ 1863ರ ಮಾರ್ಚ್ 12ರಂದು ಆಡ್ರಿಯಾಟಿಕ್ ಕಡಲ ತಡಿಯ ಪೆಸ್ಕಾರಾ ಎಂಬ ಊರಿನಲ್ಲಿ ಹುಟ್ಟಿದನು. ಹದಿಹರೆಯದಲ್ಲಿಯೇ ಕವಿಯೆನಿಸಿಕೊಂಡನು. ಕಾದಂಬರಿಗಳನ್ನು ಬರೆದನು, ಎಲಿಯನೋರಾ ದೂಸೆ ಎಂಬ ಮಹಾನಟಿಗಾಗಿ ನಾಟಕಗಳನ್ನು ಬರೆದನು. ಕೀರ್ತಿಯ ಜೊತೆಗೆ ಸಾಲವನ್ನೂ ಅಷ್ಟೇ ವೇಗವಾಗಿ ಬೆಳೆಸಿದನು. ಸಾಲಗಾರರ ಕಾಟ ತಡೆಯಲಾರದೆ 1910ರಲ್ಲಿ ಸ್ವದೇಶವನ್ನೇ ಬಿಟ್ಟು ಫ್ರಾನ್ಸಿಗೆ ಓಡಿಹೋಗಬೇಕಾಯಿತು. ಈ ಸಾಲದ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಎಲ್ಲದಕ್ಕೂ ಅದೇ ಬೇರು.

1915ರಲ್ಲಿ ಇಟಲಿಯು ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ಐವತ್ತೆರಡು ವರ್ಷದ ಈ ಕವಿಯೂ ರಣರಂಗಕ್ಕೆ ಹೋದನು. 1916ರ ಜನವರಿಯಲ್ಲಿ ವಿಮಾನವು ಇಳಿಯುವಾಗ ಸಂಭವಿಸಿದ ಅಪಘಾತದಲ್ಲಿ ಆತನ ಬಲಗಣ್ಣು ಕುರುಡಾಯಿತು. ಆದರೂ ಎದೆಗುಂದಲಿಲ್ಲ. 1918ರ ಆಗಸ್ಟ್ 9ರಂದು ಕೆಲವು ವಿಮಾನಗಳೊಡನೆ ಶತ್ರುಗಳ ರಾಜಧಾನಿಯಾದ ವಿಯೆನ್ನಾದ ಮೇಲೆ ಹಾರಿ, ಬಾಂಬುಗಳ ಬದಲು ಕರಪತ್ರಗಳನ್ನು ಸುರಿಸಿ ಬಂದನು. ಕವಿಯೂ ಕಲಿಯೂ ಆದ ಪಂಪನನ್ನು ಬಲ್ಲ ಕನ್ನಡಿಗರಿಗೆ ಇಂಥ ಜೋಡಿ ಹಿರಿಮೆ ಅಪರಿಚಿತವೇನಲ್ಲ. ಆದರೆ ಪಂಪನಿಗೆ ಅರಿಕೇಸರಿಯೆಂಬ ಒಡೆಯನಿದ್ದನು. ದನುಂಜಿಯೋ ತಾನೇ ಒಡೆಯನಾಗಬಯಸಿದನು.

ಯುದ್ಧಾನಂತರ 1919ರ ಸೆಪ್ಟೆಂಬರಿನಲ್ಲಿ, ಸರ್ಕಾರದ ಆಜ್ಞೆಯನ್ನು ಧಿಕ್ಕರಿಸಿದ ಸೈನಿಕರನ್ನು ಕಟ್ಟಿಕೊಂಡು ಆತನು ಫ್ಯೂಮೆ ಎಂಬ ಬಂದರು ನಗರವನ್ನು ವಶಪಡಿಸಿಕೊಂಡನು. ಆ ಊರು ಈಗ ಕ್ರೊಯೇಷಿಯಾ ದೇಶದ ರಿಯೇಕಾ. ಹದಿನೈದು ತಿಂಗಳ ಕಾಲ ಒಬ್ಬ ಕವಿ ಒಂದು ನಗರವನ್ನು ಆಳಿದನು. ಮೊಗಸಾಲೆಯ ಮೇಲೆ ನಿಂತು ಜನಸಾಗರವನ್ನು ಉದ್ದೇಶಿಸಿ ಮಾತನಾಡುವುದು, ಪ್ರಶ್ನೆಯನ್ನೆಸೆದು ಸಾವಿರ ಕಂಠಗಳಿಂದ ಒಂದೇ ಉತ್ತರವನ್ನು ಹೊರಡಿಸುವುದು, ಕಪ್ಪು ಅಂಗಿ, ಚಾಚಿದ ತೋಳಿನ ವಂದನೆ, ಇವೆಲ್ಲವೂ ಫ್ಯೂಮೆಯ ಬೀದಿಗಳಲ್ಲಿ ಮೆರೆದವು. ಇದನ್ನೆಲ್ಲ ದೂರದಿಂದ ಎಚ್ಚರಿಕೆಯಿಂದ ನೋಡುತ್ತಿದ್ದ ಪತ್ರಕರ್ತನೊಬ್ಬನಿದ್ದನು. ಅವನ ಹೆಸರು ಬೆನಿಟೋ ಮುಸೊಲಿನಿ.

1920ರ ಕ್ರಿಸ್‌ಮಸ್ ಹೊತ್ತಿಗೆ ಇಟಲಿಯ ಸೇನೆಯೇ ಫಿರಂಗಿ ಹಾರಿಸಿ ಕವಿಯನ್ನು ಫ್ಯೂಮೆಯಿಂದ ಹೊರಡಿಸಿತು. ಸೋತು ಬಂದವನು 1921ರ ಆರಂಭದಲ್ಲಿ ಗಾರ್ದೋನೆಗೆ ಬಂದು ನೆಲೆಸಿದನು. ಆತನಿಗೆ ದೊರೆತ ಹಳೆಯ ಮನೆ ಹೆನ್ರಿ ಥೋಡೆ ಎಂಬ ಜರ್ಮನ್ ಕಲಾವಿಮರ್ಶಕನದು. ಯುದ್ಧಕಾಲದಲ್ಲಿ ಶತ್ರುದೇಶದವನ ಆಸ್ತಿಯೆಂದು ಸರ್ಕಾರವು ಅದನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಥೋಡೆಯ ಸಾವಿರಾರು ಗ್ರಂಥಗಳೂ ಮನೆಯೊಡನೆ ಕವಿಯ ಪಾಲಾದವು.

ಎರಡು ಕಾಯುವ ಕೋಣೆಗಳು

ಜಾನ್ ಕಾರ್ಲೋ ಮರೋನಿ ಎಂಬ ಶಿಲ್ಪಿಯ ನೆರವಿನಿಂದ ದನುಂಜಿಯೋ ಆ ಸಾಧಾರಣ ಮನೆಯನ್ನು ವರ್ಷದಿಂದ ವರ್ಷಕ್ಕೆ ಬದಲಿಸುತ್ತ ಹೋದನು. ಕ್ರೈಸ್ತ ಮಠಾಧಿಪತಿಯ ನಿವಾಸವೆಂಬ ಅರ್ಥದಲ್ಲಿ ಅದನ್ನು ಪ್ರಿಯೋರಿಯಾ ಎಂದು ಕರೆದನು. ಏಕಾಂತ ಮತ್ತು ಮೌನ, ಇವು ಆ ಮನೆಯ ವ್ರತಗಳೆಂದು ಸಾರಿದನು.

ಇಂದು ಅಲ್ಲಿಗೆ ಹೋಗುವ ಪ್ರವಾಸಿಗರನ್ನು ಸಣ್ಣ ಸಣ್ಣ ತಂಡಗಳಾಗಿ ಒಳಗೆ ಬಿಡುತ್ತಾರೆ, ಏಕೆಂದರೆ ಕೋಣೆಗಳಲ್ಲಿ ತಿರುಗಲು ಸ್ಥಳವಿಲ್ಲ. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟವರಿಗೆ ಕೆಲವು ಕ್ಷಣ ಏನೂ ಕಾಣಿಸದು. ಒಂದೇ ಕಣ್ಣು ಉಳಿದಿದ್ದ ಕವಿಗೆ ಬೆಳಕು ಸಹಿಸುತ್ತಿರಲಿಲ್ಲ. ಆದುದರಿಂದ ಕಿಟಕಿಗಳಿಗೆ ಬಣ್ಣದ ಗಾಜು, ಅದರ ಮೇಲೆ ದಪ್ಪನೆಯ ಪರದೆ. ಮಧ್ಯಾಹ್ನದ ಹನ್ನೆರಡು ಗಂಟೆಗೂ ಮುಸ್ಸಂಜೆಯ ಮಬ್ಬು. ಕಣ್ಣು ಹೊಂದಿಕೊಂಡಂತೆ ಎದುರಿಗೆ ಕೆಲವು ಮೆಟ್ಟಿಲುಗಳೂ ಒಂದು ಕಂಬವೂ ಮೂಡುತ್ತವೆ. ಅಲ್ಲಿಂದ ದಾರಿಯು ಎರಡಾಗಿ ಒಡೆಯುತ್ತದೆ. ಒಂದು ಕಡೆ ಪ್ರಿಯರಾದ ಅತಿಥಿಗಳು ಕಾಯಬೇಕಾದ ಕೋಣೆ. ಇನ್ನೊಂದು ಕಡೆ ಬೇಡವಾದವರು ಕಾಯಬೇಕಾದ ಕೋಣೆ. ಬಂದವನು ತಾನು ಯಾವ ಪಂಗಡಕ್ಕೆ ಸೇರಿದವನೆಂಬುದನ್ನು ಆತಿಥೇಯನ ಮುಖವನ್ನು ನೋಡುವ ಮೊದಲೇ, ತನ್ನನ್ನು ಕರೆದೊಯ್ದ ದಿಕ್ಕಿನಿಂದಲೇ ತಿಳಿದುಕೊಳ್ಳಬಹುದಾಗಿತ್ತು.

ಬೇಡವಾದವರ ಕೋಣೆಗೆ ಮುಖವಾಡಗಾರನ ಕೋಣೆಯೆಂದು ಹೆಸರು. ಅಲ್ಲಿಯ ಕನ್ನಡಿಯ ಬಳಿ, ಬಂದವನು ತನ್ನ ಮುಖವಾಡವನ್ನು ಸರಿಪಡಿಸಿಕೊಳ್ಳಲಿ ಎಂಬ ಭಾವದ ಬರಹವೊಂದಿದೆ. ಅದು ಮುಸೊಲಿನಿಯನ್ನು ಉದ್ದೇಶಿಸಿ ಬರೆಸಿದ್ದೆಂಬ ಪ್ರತೀತಿಯಿದೆ. 1925ರಲ್ಲಿ ಮುಸೊಲಿನಿ ಇಲ್ಲಿಗೆ ಬಂದನು. ಆ ಹೊತ್ತಿಗೆ ಅವನು ಇಟಲಿಯ ಸರ್ವಾಧಿಕಾರಿ.

ತುಂಬಿದ ಮನೆಯ ಭಯ

ಭರತನ ನಾಟ್ಯಶಾಸ್ತ್ರವು ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ಶೂನ್ಯಗೃಹಪ್ರವೇಶವನ್ನೂ ಸೇರಿಸಿದೆ. ಪಾಳುಬಿದ್ದ ಮನೆಯನ್ನು ಹೊಕ್ಕವನಿಗೆ ಹೆದರಿಕೆಯಾಗುವುದು ಸಹಜ. ಆದರೆ ಪ್ರಿಯೋರಿಯಾದಲ್ಲಿ ಹುಟ್ಟುವ ಅಳುಕು ಇದಕ್ಕೆ ತದ್ವಿರುದ್ಧವಾದುದು; ಅದು ತುಂಬಿದ ಮನೆಯ ಭಯ. ಆ ಒಂದು ಮನೆಯಲ್ಲಿ ಸುಮಾರು 10,000 ವಸ್ತುಗಳಿವೆ, 33,000ದಷ್ಟು ಪುಸ್ತಕಗಳಿವೆ. ಗೋಡೆ ಕಾಣದು, ಮೇಜಿನ ಹಲಗೆ ಕಾಣದು. ಸ್ನಾನದ ಕೋಣೆಯೊಂದರಲ್ಲಿಯೇ ನೂರಾರು ಪಿಂಗಾಣಿ, ಗಾಜು, ಲೋಹದ ಗೊಂಬೆಗಳು ಸ್ನಾನ ಮಾಡುವವನನ್ನು ದಿಟ್ಟಿಸಿ ನೋಡುತ್ತ ನಿಂತಿವೆ. ಸಂಗೀತದ ಕೋಣೆಯ ಗೋಡೆಗಳಿಗೆಲ್ಲ ಬಟ್ಟೆ ಹೊದಿಸಿದೆ. ಕಂಬಗಳ ಮೇಲೆ ಹಣ್ಣಿನ ಆಕಾರದ ಗಾಜಿನ ದೀಪಗಳು ಮಂಕಾಗಿ ಉರಿಯುತ್ತವೆ.

ಒಂದು ಕೋಣೆಯಲ್ಲಿ ಬುದ್ಧನ ವಿಗ್ರಹಗಳೂ ಪೂರ್ವದೇಶಗಳ ದೇವತೆಗಳೂ ಕ್ರೈಸ್ತ ಸಂತರೂ ಒಂದೇ ಪೀಠದ ಮೇಲೆ ಕಿಕ್ಕಿರಿದಿದ್ದಾರೆ. ಅವರ ನಡುವೆ ಮುರಿದುಹೋದ ಚುಕ್ಕಾಣಿ ಚಕ್ರವೊಂದಿದೆ. ಹೆನ್ರಿ ಸೆಗ್ರೇವ್ ಎಂಬ ಆಂಗ್ಲ ಸಾಹಸಿಯು 1930ರ ಜೂನ್ 13ರಂದು ವಿಂಡರ್ಮಿಯರ್ ಸರೋವರದಲ್ಲಿ ವೇಗದ ದಾಖಲೆಗಾಗಿ ದೋಣಿ ಓಡಿಸಿ ಮಡಿದನು. ಆ ದೋಣಿಯ ಚಕ್ರವೇ ಇಲ್ಲಿ ದೇವರುಗಳ ಸಾಲಿನಲ್ಲಿ ಕುಳಿತಿದೆ. ಅದೇ ಕೋಣೆಯಲ್ಲಿ, ಕೈಗೆ ಬೆರಳುಗಳು ಐದು, ಆದುದರಿಂದ ಪಾಪಗಳೂ ಐದೇ ಎಂಬ ಅರ್ಥದ ಸೂಕ್ತಿಯೊಂದಿದೆ. ಕ್ರೈಸ್ತ ಸಂಪ್ರದಾಯವು ಎಣಿಸುವ ಏಳು ಮಹಾಪಾಪಗಳಲ್ಲಿ ಕಾಮವನ್ನೂ ಲೋಭವನ್ನೂ ಮನೆಯ ಯಜಮಾನನು ಪಟ್ಟಿಯಿಂದ ತೆಗೆದುಹಾಕಿದ್ದನು!

ಊಟದ ಕೋಣೆಯು ಕೆಂಪು ಮತ್ತು ಬಂಗಾರದ ಬಣ್ಣಗಳಿಂದ ಥಳಥಳಿಸುತ್ತದೆ. ಮೇಜಿನ ತುದಿಯಲ್ಲಿ ಒಂದು ದೊಡ್ಡ ಆಮೆ. ಅದರ ಚಿಪ್ಪು ನಿಜವಾದುದು. ತಲೆ, ಕಾಲುಗಳು ಕಂಚಿನವು. ಆ ಆಮೆಯು ಒಮ್ಮೆ ಇದೇ ತೋಟದಲ್ಲಿ ಓಡಾಡಿಕೊಂಡಿತ್ತು. ಸುಗಂಧರಾಜ ಹೂವುಗಳನ್ನು ಮಿತಿಮೀರಿ ತಿಂದು ಸತ್ತಿತು. ಅತಿಯಾಸೆಯಿಂದ ಉಣ್ಣುವ ಅತಿಥಿಗಳಿಗೆ ಎಚ್ಚರಿಕೆಯಾಗಲೆಂದು ಕವಿಯು ಅದನ್ನು ಮೇಜಿನ ಮೇಲೆ ಕೂರಿಸಿದನು. ತಾನು ಮಾತ್ರ ಅತಿಥಿಗಳ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದುದು ಅಪರೂಪ. ಸತ್ತ ಆಮೆಯ ಎದುರಿನಲ್ಲಿ, ಯಜಮಾನನಿಲ್ಲದ ಔತಣ!

ಎಲ್ಲಕ್ಕಿಂತ ಹೆಚ್ಚಾಗಿ ಮೈ ಜುಮ್ಮೆನ್ನಿಸುವುದು ಕುಷ್ಠರೋಗಿಯ ಕೋಣೆಯೆಂದು ಆತನು ಕರೆದ ಒಂದು ಪುಟ್ಟ ಕೊಠಡಿ. ಸಮಾಜವು ಹೊರಗಿಟ್ಟ ರೋಗಿಯಂತೆ ತಾನೂ ದೂರವಾದವನು ಎಂಬುದು ಆತನ ಭಾವನೆ. ಗೋಡೆಯ ಚಿತ್ರದಲ್ಲಿ ಸಂತ ಫ್ರಾನ್ಸಿಸನು ಒಬ್ಬ ಕುಷ್ಠರೋಗಿಯನ್ನು ತಬ್ಬಿಕೊಂಡಿದ್ದಾನೆ. ಆ ರೋಗಿಯ ಮುಖ ದನುಂಜಿಯೋನದೇ. ಕೋಣೆಯಲ್ಲಿರುವ ಇಕ್ಕಟ್ಟಾದ ಮಂಚವು ತೊಟ್ಟಿಲಿನಂತೆಯೂ ಇದೆ, ಶವಪೆಟ್ಟಿಗೆಯಂತೆಯೂ ಇದೆ. ಬದುಕಿರುವಾಗಲೇ ಆತನು ಇಲ್ಲಿ ಕುಳಿತು ಸಾವನ್ನು ಕುರಿತು ಧ್ಯಾನಿಸುತ್ತಿದ್ದನು.

ಮನೆಯಲ್ಲೆಲ್ಲ ಬೆಳಕಿರುವುದು ಒಂದೇ ಕಡೆ, ಬರೆಯುವ ಕೋಣೆಯಲ್ಲಿ. ಅದರ ಬಾಗಿಲನ್ನು ಬೇಕೆಂದೇ ತಗ್ಗಾಗಿ ಮಾಡಿಸಿದೆ. ಎಂಥ ದೊಡ್ಡ ಮನುಷ್ಯನೇ ಆಗಲಿ, ಕಲೆಯ ಮುಂದೆ ತಲೆಬಾಗಿಯೇ ಒಳಗೆ ಬರಬೇಕು. ಮೇಜಿನ ಮೇಲೆ ದೂಸೆಯ ಪ್ರತಿಮೆಯಿದೆ; ಬರೆಯುವಾಗ ಅವಳ ನೋಟ ತನ್ನನ್ನು ಕಲಕಬಾರದೆಂದು ಕವಿಯು ಅದರ ಮುಖಕ್ಕೆ ರೇಷ್ಮೆಯ ವಸ್ತ್ರವನ್ನು ಹೊದಿಸಿದ್ದನು. ಆ ವಸ್ತ್ರ ಈಗಲೂ ಹಾಗೆಯೇ ಇದೆ.

ಕಿಟಕಿಯಿಂದ ಬಿದ್ದ ರಾತ್ರಿ

ಪತ್ತೇದಾರಿ ಕಥೆಗೆ ಒಂದು ಬಿಡಿಸಲಾಗದ ಒಗಟು ಬೇಕಲ್ಲವೆ? ಅದೂ ಇಲ್ಲಿದೆ. 1922ರ ಆಗಸ್ಟ್ 13ರ ರಾತ್ರಿ ಸಂಗೀತ ನಡೆಯುತ್ತಿದ್ದಾಗ ದನುಂಜಿಯೋ ಕಿಟಕಿಯಿಂದ ಕೆಳಗೆ ಬಿದ್ದನು. ತಲೆಗೆ ಬಲವಾದ ಪೆಟ್ಟಾಗಿ ಕೆಲವು ದಿನಗಳು ಸಾವುಬದುಕಿನ ನಡುವೆ ತೂಗಾಡಿದನು. ಎರಡೇ ದಿನಗಳ ನಂತರ, ಆಗಸ್ಟ್ 15ರಂದು, ಆತನೂ ಮಾಜಿ ಪ್ರಧಾನಿ ನಿಟ್ಟಿಯೂ ಮುಸೊಲಿನಿಯೂ ಒಂದೆಡೆ ಸೇರಿ ದೇಶದಲ್ಲಿ ಶಾಂತಿ ನೆಲೆಸುವ ಬಗೆಯನ್ನು ಚರ್ಚಿಸಬೇಕೆಂದಿತ್ತು. ಆ ಸಭೆ ನಡೆಯಲೇ ಇಲ್ಲ. ಅಕ್ಟೋಬರಿನಲ್ಲಿ ಮುಸೊಲಿನಿಯ ಕಪ್ಪಂಗಿಯವರು ರೋಮ್ ನಗರದತ್ತ ನಡೆದರು. ಅಧಿಕಾರ ಅವನ ಕೈಸೇರಿತು. ಕವಿಯು ಆಯತಪ್ಪಿ ಬಿದ್ದನೆ, ಯಾರಾದರೂ ನೂಕಿದರೆ, ನೂಕಿದ್ದರೆ ಅದು ಮನೆಯೊಳಗಿನ ಜಗಳವೋ ಹೊರಗಿನ ರಾಜಕಾರಣವೋ ಎಂಬುದು ಒಂದು ಶತಮಾನ ಕಳೆದರೂ ಇತ್ಯರ್ಥವಾಗಿಲ್ಲ. ಆತನು ಮಾತ್ರ ಅದನ್ನು ದೇವದೂತನ ಹಾರಾಟವೆಂದು ಕರೆದು ತನ್ನ ದಂತಕಥೆಗಳಲ್ಲಿ ಸೇರಿಸಿಕೊಂಡನು.

ಖರ್ಚನ್ನು ಕೊಟ್ಟವರಾರು?

ತಲೆಬುರುಡೆ, ಶವಪೆಟ್ಟಿಗೆ, ಕತ್ತಲೆಗಳಿಂದ ಹುಟ್ಟುವ ಭಯವು ನಾಟಕದ ಭಯ. ಪರದೆ ಬಿದ್ದೊಡನೆ ಮುಗಿಯುತ್ತದೆ. ವಿತ್ತೋರಿಯಾಲೆಯ ನಿಜವಾದ ಭೀಕರತೆಯು ಅದರ ಲೆಕ್ಕದ ಪುಸ್ತಕದಲ್ಲಿದೆ. ಸಾಲಗಾರರಿಗೆ ಹೆದರಿ ದೇಶ ಬಿಟ್ಟಿದ್ದವನಿಗೆ ಇಷ್ಟೆಲ್ಲ ಐಶ್ವರ್ಯ ಎಲ್ಲಿಂದ ಬಂತು?

1923ರ ಡಿಸೆಂಬರಿನಲ್ಲಿ ದನುಂಜಿಯೋ ತನ್ನ ಮನೆಯನ್ನು ಇಟಲಿಯ ಜನತೆಗೆ ದಾನವಾಗಿ ಬರೆದುಕೊಟ್ಟನು. ಕೇಳಲು ಇದು ಮಹಾತ್ಯಾಗ. ಆದರೆ ಮನೆಯು ರಾಷ್ಟ್ರದ ಸೊತ್ತಾದ ಮೇಲೆ ಅದನ್ನು ಬೆಳೆಸುವ ವೆಚ್ಚವನ್ನೂ ರಾಷ್ಟ್ರವೇ ಹೊರಬೇಕಾಯಿತು. ದಾನ ಕೊಟ್ಟವನು ಕೊನೆಯುಸಿರಿನವರೆಗೆ ಅದರಲ್ಲಿಯೇ ಇದ್ದನು. 1924ರಲ್ಲಿ ಆತನಿಗೆ ರಾಜಕುಮಾರ ಪದವಿ ದೊರೆಯಿತು. 1926ರಲ್ಲಿ ಆತನ ಸಮಗ್ರ ಕೃತಿಗಳನ್ನು ಅಚ್ಚುಹಾಕಲೆಂದೇ ಒಂದು ರಾಷ್ಟ್ರೀಯ ಸಂಸ್ಥೆಯು ಹುಟ್ಟಿತು. ಪೂಲ್ಯಾ ಎಂಬ ಯುದ್ಧನೌಕೆಯ ಮುಂಭಾಗವನ್ನು ಬಿಡಿಬಿಡಿಯಾಗಿ ರೈಲಿನಲ್ಲಿ ತಂದು ಬೆಟ್ಟದ ಓರೆಯಲ್ಲಿ ಜೋಡಿಸಿದರು. ಅದು ಇಂದಿಗೂ ಸೈಪ್ರಸ್ ಮರಗಳ ನಡುವೆ ಆಡ್ರಿಯಾಟಿಕ್ ಕಡಲಿನತ್ತ ಮೂತಿ ಮಾಡಿ ನೀರಿಲ್ಲದೆ ನಿಂತಿದೆ. ಅತಿಥಿಗಳು ಬಂದಾಗ ಕವಿಯು ಅದರ ಫಿರಂಗಿಗಳನ್ನು ಹಾರಿಸಿ ಮನ್ನಣೆ ತೋರುತ್ತಿದ್ದನು. ಚಲಿಸಲಾರದ ಹಡಗಿಗೆ ಆತನೇ ನಾಯಕ.

ಹಲ್ಲು ಹುಳುಕಾದರೆ ಒಂದೋ ಅದನ್ನು ಕೀಳಬೇಕು, ಇಲ್ಲವೆ ಬಂಗಾರ ತುಂಬಬೇಕು; ದನುಂಜಿಯೋನ ವಿಷಯದಲ್ಲಿ ತಾನು ಎರಡನೆಯದನ್ನು ಆರಿಸಿಕೊಂಡೆನೆಂದು ಮುಸೊಲಿನಿ ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ. ಬಂಗಾರದ ಜೊತೆಗೆ ಕಾವಲೂ ಬಂದಿತು. ಜೋವಾನ್ನಿ ರಿಟ್ಸೋ ಎಂಬ ಪೊಲೀಸ್ ಅಧಿಕಾರಿಯನ್ನು ರಕ್ಷಣೆಯ ನೆಪದಲ್ಲಿ ಗಾರ್ದೋನೆಯಲ್ಲಿ ನೇಮಿಸಲಾಯಿತು. ಕವಿಯ ಮನೆಗೆ ಯಾರು ಬಂದರು, ಏನು ಮಾತನಾಡಿದರು ಎಂಬ ವರದಿಯು ರೋಮ್ ನಗರಕ್ಕೆ ಹೋಗುತ್ತಿತ್ತು. ಅತಿಥಿಗಳನ್ನು ಎರಡು ಕೋಣೆಗಳಲ್ಲಿ ಬೇರ್ಪಡಿಸುತ್ತಿದ್ದ ಯಜಮಾನನ ಮೇಲೆಯೇ ಇನ್ನೊಬ್ಬ ಯಜಮಾನನ ಕಣ್ಣಿತ್ತು.

ಈ ಒಪ್ಪಂದದ ಬೆಲೆಯೇನೆಂಬುದು ಬಹುಬೇಗನೆ ತಿಳಿಯಿತು. 1924ರ ಜೂನ್ 10ರಂದು ಸಮಾಜವಾದಿ ನಾಯಕ ಮತ್ತೆಯೋತ್ತಿಯನ್ನು ಮುಸೊಲಿನಿಯ ಕಡೆಯ ಗೂಂಡಾಗಳು ಅಪಹರಿಸಿ ಕೊಂದರು. ದೇಶವೆಲ್ಲ ತಲ್ಲಣಿಸಿತು. ಒಂದು ಕಾಲದಲ್ಲಿ ಮೊಗಸಾಲೆಯಿಂದ ಒಂದು ಮಾತನ್ನಾಡಿ ಸಾವಿರಾರು ಜನರನ್ನು ಕುಣಿಸಬಲ್ಲವನಾಗಿದ್ದ ಕವಿಯು ಒಂದು ಖಾಸಗಿ ಪತ್ರದಲ್ಲಿ ಆ ದುರ್ನಾತದ ಅವನತಿಗಾಗಿ ಮರುಗಿದನು. ಪತ್ರದ ಸುದ್ದಿ ಹೊರಬಿತ್ತು. ಆದರೆ ಆತನು ಅದಕ್ಕಿಂತ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಮರುವರ್ಷವೇ ಮುಸೊಲಿನಿ ವಿತ್ತೋರಿಯಾಲೆಯ ಅತಿಥಿಯಾದನು. ಮುಖವಾಡದ ಬಗ್ಗೆ ಗೋಡೆಯ ಮೇಲೆ ಚುಚ್ಚುಮಾತು ಬರೆಸಲು ಅಡ್ಡಿಯಿರಲಿಲ್ಲ. ಹೊರಗೆ ಆಡುವುದಕ್ಕೆ ನಾಲಗೆ ಏಳಲಿಲ್ಲ.

ಅಧಿಕಾರದ ಮದವನ್ನು ಜನಕ್ಕೆ ಮೊದಲು ಕುಡಿಸಿದವನೇ ಅದರ ಪರಿಣಾಮವನ್ನು ಮೌನವಾಗಿ ನೋಡುತ್ತ ಕುಳಿತನು. ಹಿಟ್ಲರನನ್ನು ಕಂಡರೆ ಆತನಿಗೆ ತಿರಸ್ಕಾರ. ಜರ್ಮನಿಯ ಸಖ್ಯ ಬೇಡವೆಂಬುದು ಆತನ ನಿಲುವು. 1937ರ ಸೆಪ್ಟೆಂಬರಿನಲ್ಲಿ, ಬರ್ಲಿನ್ನಿನಿಂದ ಹಿಂದಿರುಗುತ್ತಿದ್ದ ಮುಸೊಲಿನಿಯನ್ನು ಕಾಣಲು ಎಪ್ಪತ್ತನಾಲ್ಕರ ಮುದುಕನು ವೆರೋನಾದ ರೈಲುನಿಲ್ದಾಣದವರೆಗೆ ಹೋದನು. ಬಂದ ರೈಲು ಹೊರಟುಹೋಯಿತು. ಇಟಲಿಯ ದಾರಿ ಬದಲಾಗಲಿಲ್ಲ. 1938ರ ಮಾರ್ಚ್ 1ರ ಸಂಜೆ, ಪ್ರಿಯೋರಿಯಾದಲ್ಲಿ, ಮೆದುಳಿನ ರಕ್ತಸ್ರಾವದಿಂದ ಆತನು ತೀರಿಕೊಂಡನು. ದೇಹವನ್ನು ದರ್ಶನಕ್ಕೆಂದು ಆ ಕುಷ್ಠರೋಗಿಯ ಕೋಣೆಯಲ್ಲಿಯೇ ಮಲಗಿಸಿದರು. ಶವಸಂಸ್ಕಾರಕ್ಕೆ ಮುಸೊಲಿನಿ ಬಂದನು.

ಅದೇ ದಂಡೆಯ ಇನ್ನೊಂದು ಮನೆ

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಗಾರ್ದೋನೆಯಿಂದ ದೋಣಿಯಲ್ಲಿ ಉತ್ತರಕ್ಕೆ ಸಾಗಿದರೆ, ನಿಂಬೆಯ ಗಿಡಗಳನ್ನು ಚಳಿಯಿಂದ ಕಾಪಾಡಲೆಂದು ಹಿಂದಿನವರು ಎತ್ತಿದ ಕಲ್ಲಿನ ಕಂಬಗಳ ಸಾಲುಗಳು ಕಾಣುತ್ತವೆ. ಆ ಹಾದಿಯಲ್ಲಿ ಗಾರ್ನ್ಯಾನೋ ಎಂಬ ಊರಿದೆ. ಅಲ್ಲಿ ನೀರಿನಂಚಿನಲ್ಲಿಯೇ ಫೆಲ್ತ್ರಿನೆಲ್ಲಿ ಎಂಬ ಸೊಗಸಾದ ಭವನವಿದೆ. 1943ರಲ್ಲಿ ಪದಚ್ಯುತನಾಗಿ ಸೆರೆಬಿದ್ದ ಮುಸೊಲಿನಿಯನ್ನು ಜರ್ಮನರು ಬಿಡಿಸಿ, ಸಾಲೋ ಸುತ್ತಲಿನ ಊರುಗಳಲ್ಲಿ ಅವನ ಹೆಸರಿನ ಸರ್ಕಾರವೊಂದನ್ನು ಕೂರಿಸಿದಾಗ, ಅವನನ್ನು ಇಳಿಸಿದ್ದು ಈ ಭವನದಲ್ಲಿ. ಹೆಸರಿಗೆ ಅವನು ರಾಷ್ಟ್ರನಾಯಕ. ಸುತ್ತಲೂ ಜರ್ಮನ್ ಕಾವಲು. ಕವಿಯನ್ನು ಬಂಗಾರದ ಪಂಜರದಲ್ಲಿಟ್ಟವನು ಆರು ವರ್ಷಗಳು ಕಳೆಯುವುದರೊಳಗೆ ಅದೇ ಸರೋವರದ ಅದೇ ದಂಡೆಯಲ್ಲಿ ಮತ್ತೊಬ್ಬರ ಪಂಜರದೊಳಗಿದ್ದನು. ರನ್ನನನ್ನು ಓದಿದವರಿಗೆ ವೈಶಂಪಾಯನ ಸರೋವರವನ್ನು ಹೊಕ್ಕ ಕುರುರಾಜನ ನೆನಪಾಗದಿರದು. ಆದರೆ ರನ್ನನ ದುರ್ಯೋಧನನಲ್ಲಿ ಮೂದಲಿಕೆಗೆ ಮೈಮರೆತು ಎದ್ದು ಬರುವ ಛಲವಾದರೂ ಇತ್ತು. ಮುಸೊಲಿನಿ ಪಲಾಯನದ ದಾರಿಯಲ್ಲಿ ಸಿಕ್ಕಿಬಿದ್ದು, 1945ರ ಏಪ್ರಿಲ್ 28ರಂದು ಕೋಮೋ ಎಂಬ ಮತ್ತೊಂದು ಸರೋವರದ ಬಳಿ ಗುಂಡಿಗೆ ಬಲಿಯಾದನು. ಆ ಭವನ ಈಗ ಒಂದು ವೈಭವದ ಹೋಟೆಲು.

ವಿತ್ತೋರಿಯಾಲೆಯೂ ಈಗ ಎಲ್ಲರಿಗೂ ತೆರೆದ ವಸ್ತುಸಂಗ್ರಹಾಲಯ. ಕವಿಯು ಕನಸಿದ ಬಯಲು ರಂಗಮಂದಿರದಲ್ಲಿ ಬೇಸಗೆಯ ರಾತ್ರಿಗಳಂದು ಸಂಗೀತ ನಡೆಯುತ್ತದೆ. ಸರೋವರವೇ ಅದರ ಹಿನ್ನೆಲೆಯ ಪರದೆ. ವಿಯೆನ್ನಾಗೆ ಹಾರಿದ ವಿಮಾನವು ಸಭಾಭವನದ ಛಾವಣಿಯಿಂದ ತೂಗುತ್ತಿದೆ. ಬೆಟ್ಟದ ನೆತ್ತಿಯಲ್ಲಿ ಬಿಳಿಗಲ್ಲಿನ ಸಮಾಧಿಮಂಟಪ. ಫ್ಯೂಮೆಯ ಸಂಗಾತಿಗಳಿಗಾಗಿ ವರ್ತುಲವಾಗಿ ನಿಲ್ಲಿಸಿದ ಹತ್ತು ಕಲ್ಲಿನ ಪೆಟ್ಟಿಗೆಗಳು, ಅವುಗಳ ನಡುವೆ ಎಲ್ಲಕ್ಕಿಂತ ಎತ್ತರದಲ್ಲಿ ಕವಿಯದು. 1963ರಲ್ಲಿ, ಆತನ ಜನ್ಮಶತಾಬ್ದಿಯ ವರ್ಷ, ಆತನ ಅವಶೇಷಗಳನ್ನು ಅಲ್ಲಿಗೆ ಸಾಗಿಸಲಾಯಿತು. ಅಲ್ಲಿಂದ ನೋಡಿದರೆ ಸರೋವರದ ನೀಲಿಯೂ ಆಚೆಯ ದಂಡೆಯ ಬೆಟ್ಟಗಳೂ ಒಂದೇ ನೋಟಕ್ಕೆ ಸಿಗುತ್ತವೆ. ಕಿಟಕಿಗಳಿಗೆ ಪರದೆ ಹಾಕಿಸಿಕೊಂಡು ಬಾಳಿದವನಿಗೆ ಸತ್ತ ಮೇಲೆ ದೊರೆತ ಬೆಳಕು ಅದು.

ಹೆಬ್ಬಾಗಿಲಿನಲ್ಲಿ ಆತನು ಕೆತ್ತಿಸಿದ ಬರಹವನ್ನು ಪ್ರವಾಸಿಗರು ಒಳಗೆ ಹೋಗುವಾಗ ಗಮನಿಸದಿದ್ದರೂ ಹೊರಗೆ ಬಂದಮೇಲೆ ನಿಂತು ಓದುತ್ತಾರೆ. ತಾನು ಯಾವುದನ್ನು ಕೊಟ್ಟೆನೋ ಅದಷ್ಟೇ ತನ್ನದು ಎಂಬುದು ಅದರ ಭಾವ. ಸರ್ವಜ್ಞನ ತ್ರಿಪದಿಗಳನ್ನು ಬಾಯಿಪಾಠವಾಗಿ ಬಲ್ಲ ಕನ್ನಡಿಗರಿಗೆ ಈ ಮಾತಿನ ತೂಕ ಗೊತ್ತು. ದನುಂಜಿಯೋ ಮನೆಯನ್ನು ಕೊಟ್ಟನು, ಪುಸ್ತಕಗಳನ್ನು ಕೊಟ್ಟನು, ಹಡಗನ್ನೂ ವಿಮಾನವನ್ನೂ ಕೊಟ್ಟನು; ಅವೆಲ್ಲ ಆತನ ಹೆಸರಿನಲ್ಲಿ ಉಳಿದಿವೆ. ದೇಶಕ್ಕೆ ಅಗತ್ಯವಾಗಿ ಬೇಕಾಗಿದ್ದ ದಿನ ತನ್ನ ದನಿಯನ್ನು ಮಾತ್ರ ಕೊಡಲಿಲ್ಲ. ಅದು ಆ ಕತ್ತಲೆಯ ಕೋಣೆಗಳಲ್ಲಿಯೇ ಉಳಿದುಹೋಯಿತು.